ದಾಳಿಂಬೆ ಗಿಡದಿಂದ ಗುವಾಹಟಿಗೆ ಬಂದ ಸೀಡಿ

ಗುವಾಹಟಿಗೆ ಬಂದ ನಾಲ್ಕನೇ ದಿನ ನನ್ನ ಮೊಮ್ಮಗಳು ಚೈತ್ರ ಒಬ್ಬ ಮನುಷ್ಯನನ್ನು ಸೌತೆಕಾಯಿ ಹೆಚ್ಚಿದ ಹಾಗೆ ಅಡ್ಡಡ್ಡ ಹೆಚ್ಚಿ ತೋರಿಸಿದಳು. ಕಂಪ್ಯೂಟರಿನಲ್ಲಿ. ಅವಳು ಬೆರಳು ಆಡಿಸಿದರೆ ಸಾಕು, ಕತ್ತಿನಿಂದ ಹೊಟ್ಟೆಯವರೆಗೆ ಬಿಲ್ಲೆಯ ಹಿಂದೆ ಬಿಲ್ಲೆ ಸರಿಯುತ್ತಿತ್ತು. ಎಲ್ಲವೂ ಬೂದಿ ಬಣ್ಣ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

“ಯಾರೇ ಇವ್ನು? ಸತ್ತೋಗ್ಯಾನಾ?”

“ಇಲ್ಲಜ್ಜಿ, ಎಲ್ಲೋ ಚೆನ್ನಾಗದಾನೆ. ಹೆಸ್ರು ಊರು ಅಳಿಸಿ ಕಲಿಯೋರಿಗೆ ಅಂತ ಇಟ್ಟಿರೋ ಚಿತ್ರ ಇದು. ಹೆದ್ರಬ್ಯಾಡ, ಕುಂತ್ಕ.”

ಬಿಲ್ಲೆಯ ನಡುಮಧ್ಯೆ ಬೆರಳಿಟ್ಟಳು. ಕಪ್ಪು ತೂತು ಉಸಿರಿನ ಕೊಳವೆ. ಬೆಳ್ಳಗಿರುವುದು ಬೆನ್ನಮೂಳೆ. ಅವೆರಡರ ನಡುವೆ ಹುಣಸೆ ಬೀಜದಷ್ಟು ಒಂದು ಚುಕ್ಕೆ. “ಇದೇ ಅನ್ನನಾಳ” ಎಂದಳು. ನಾನು ಕುಳಿತೆ. ನಮ್ಮ ಯಜಮಾನರನ್ನು ಕೊಂದದ್ದು ಅಲ್ಲಿ ಬೆಳೆದ ಗಡ್ಡೆ. ಹನ್ನೊಂದು ವರ್ಷ ನಾನು ಹಗೆ ಸಾಧಿಸಿಕೊಂಡು ಬಂದವನ ಮನೆ ಇಷ್ಟು ಚಿಕ್ಕದು ಎಂದು ನನಗೆ ಗೊತ್ತಿರಲಿಲ್ಲ.

ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಹೊಸದುರ್ಗ ತಾಲ್ಲೂಕಿನ ನಮ್ಮೂರಿನಿಂದ ಹಾಲುರಾಮೇಶ್ವರಕ್ಕೆ, ಹೆಚ್ಚೆಂದರೆ ಚಿತ್ರದುರ್ಗಕ್ಕೆ ಹೋಗಿ ಬಂದವಳು ನಾನು. ಚೈತ್ರಳಿಗೆ ಇಲ್ಲಿಯ ಒಂದು ಕ್ಯಾನ್ಸರ್ ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅವಳ ಅಪ್ಪ, ಎಂದರೆ ನನ್ನ ಮಗ, ಹೊಳಲ್ಕೆರೆಯಲ್ಲಿ ಬಸ್ ಓಡಿಸುತ್ತಾನೆ. “ಅಷ್ಟು ದೂರ ಮಗು ಒಂದೇ ಇರೋದು ಬ್ಯಾಡ, ನೀನು ಹೋಗವ್ವ” ಎಂದ. ನಾನು ಕುಣಿದುಕೊಂಡು ಹೊರಟೆ. ಯಾಕೆ ಕುಣಿದೆ ಎಂದು ಅವನಿಗೆ ಹೇಳಲಿಲ್ಲ. ಟ್ರಂಕಿನಲ್ಲಿ ರಾಗಿಹಿಟ್ಟಿನ ಚೀಲ, ಹಿಟ್ಟಿನೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಸೀಡಿ ಇತ್ತು.

ಆ ಸೀಡಿಯ ಕತೆ ಹೇಳಬೇಕಾದರೆ ಹಾಲಮ್ಮನ ಕತೆ ಹೇಳಬೇಕು. ಹಾಲಮ್ಮ ನಮ್ಮ ಯಜಮಾನರ ಅಕ್ಕ. ಹಿರಿಯೂರು ಕಡೆ ಕೊಟ್ಟಿದ್ದರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದು, ತಮ್ಮನನ್ನು ಎತ್ತಿ ಆಡಿಸಿ, ಮನೆಯ ಯಜಮಾನಿಕೆ ಹಿಡಿದವಳು. ನಾನು ಸೊಸೆಯಾಗಿ ಬಂದ ದಿನದಿಂದ ನನ್ನ ಮುದ್ದೆಯ ಮೇಲೆ ಅವಳ ಕಣ್ಣು.

ಮುದ್ದೆ ಅಗಿಯುವ ಊಟವಲ್ಲ, ನುಂಗುವ ಊಟ ಎಂದು ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ಯಜಮಾನರು ಆಳಿನಷ್ಟು ದುಡಿದು ಎರಡು ಮುದ್ದೆ ನುಂಗಿ ಏಳುತ್ತಿದ್ದವರು. ಒಂದು ಸುಗ್ಗಿಯಲ್ಲಿ ತುತ್ತು ಇಳಿಯುತ್ತಿಲ್ಲ ಎಂದರು. ನೀರು ಕುಡಿದು ನೂಕಿದರು. ಆಮೇಲೆ ನೀರೂ ಹಿಂದಕ್ಕೆ ಬರತೊಡಗಿತು. ಯಾರಿಗಾದರೂ ಡಾಕ್ಟರ ನೆನಪು ಬಂತೇ? ಇಲ್ಲ. ಹಾಲಮ್ಮ ಗಂಗಾಳದ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನ ಮುದ್ದೆಯನ್ನು ಬೆರಳಿನಲ್ಲಿ ಒಡೆದು ಎಲ್ಲರಿಗೂ ತೋರಿಸಿದಳು.

“ನೋಡ್ರಿ, ಒಳಗೆಲ್ಲ ಗಂಟು. ಹಿಟ್ಟು ಬೆಂದೇ ಇಲ್ಲ. ಇದ್ನ ತಿಂದ್ರೆ ಎತ್ತಿಗೂ ಇಳಿಯಲ್ಲ!”

ನಾನೂ ನಂಬಿದೆ! ಅದೇ ನನ್ನ ದೊಡ್ಡ ತಪ್ಪು. ಗಂಡನಿಗೆ ನುಂಗಲು ಆಗುತ್ತಿಲ್ಲವೆಂದರೆ ಹೆಂಡತಿಯ ಕೈಯಲ್ಲಿ ದೋಷ ಹುಡುಕುವ ಮನೆಯಲ್ಲಿ ನಾನೂ ನನ್ನ ಕೈಯನ್ನೇ ನೋಡಿಕೊಂಡೆ. ಹಿಟ್ಟನ್ನು ಎರಡು ಸಲ ಜರಡಿ ಹಿಡಿದೆ. ಮುದ್ದೆ ಮೆತ್ತಗೆ ಮಾಡಿದೆ, ಅಂಬಲಿ ಮಾಡಿದೆ, ಗಂಜಿ ಮಾಡಿದೆ. ಒಲೆಯ ಮುಂದೆ ಐದು ತಿಂಗಳು ಕಳೆದು ಹೋಯಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಗಡ್ಡೆ ಪಕ್ಕದ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು. ಕೊಯ್ಯಲು ಬರುವುದಿಲ್ಲ ಎಂದರು. ಮಳೆಗಾಲ ನೋಡದೆ ಹೋದರು.

ತಿಥಿಯ ದಿನ ನೆಂಟರ ನಡುವೆ ಹಾಲಮ್ಮ ತೀರ್ಪು ಕೊಟ್ಟಳು. “ಇವ್ಳ ಮುದ್ದೆ ಗಂಟು ಗಂಟ್ಲಾಗೆ ಕುಂತು, ಅಲ್ಲೇ ಕೊಳ್ತು ಗಡ್ಡೆ ಆತು. ನನ್ ತಮ್ಮನ್ನ ನುಂಗಿದ್ದು ಇವ್ಳ ಕೈ.” ಮುದ್ದೆಕೋಲನ್ನು ನನ್ನ ಕೈಯಿಂದ ಕಿತ್ತುಕೊಂಡು ಅಟ್ಟದ ಗಳುವಿಗೆ ಸಿಕ್ಕಿಸಿದಳು. ಅಂದಿನಿಂದ ಹಿರಿಯರ ಹಬ್ಬದಲ್ಲಿ ನಮ್ಮ ಯಜಮಾನರಿಗೆ ಎಡೆ ಇಡುವಾಗ ಅಡಿಗೆ ಹಾಲಮ್ಮನದು. ನಲವತ್ತು ವರ್ಷ ಬೇಯಿಸಿ ಹಾಕಿದ ನಾನು ನೀರಿನ ಚೊಂಬು ಹಿಡಿದು ಹೊಸ್ತಿಲಾಚೆ ನಿಲ್ಲಬೇಕು. ಹನ್ನೊಂದು ಹಬ್ಬ ನಿಂತೆ. ಒಂದು ದಿನ ನನ್ನ ಮುದ್ದೆ ಆ ಎಲೆಯ ಮೇಲೆ ಕೂರಬೇಕು, ಈಕೆ ಅದನ್ನು ನೋಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಕಾಶಿ ಬೇಡ, ಬಂಗಾರ ಬೇಡ.

ಸ್ಕ್ಯಾನಿನ ಜೊತೆ ಆಸ್ಪತ್ರೆಯವರು ಒಂದು ಸೀಡಿ ಕೊಟ್ಟಿದ್ದರು. ಅದು ಯಾತಕ್ಕೆ ಎಂದು ಮನೆಯಲ್ಲಿ ಯಾರಿಗೆ ಗೊತ್ತು? ಆ ವರ್ಷ ದಾಳಿಂಬೆಗೆ ಗಿಳಿಗಳ ಕಾಟ. ಊರಲ್ಲಿ ಎಲ್ಲರೂ ಹಳೆಯ ಸಿನಿಮಾ ಸೀಡಿಗಳನ್ನು ದಾರಕ್ಕೆ ಪೋಣಿಸಿ ಗಿಡಕ್ಕೆ ಕಟ್ಟುತ್ತಿದ್ದರು. ಬಿಸಿಲಿಗೆ ಫಳಫಳ ತಿರುಗಿದರೆ ಗಿಳಿ ಬರುವುದಿಲ್ಲ. ಹಾಲಮ್ಮ ಇದನ್ನೂ ಕಟ್ಟಿದಳು. ತಿಥಿಯಾದ ಮೇಲೆ ತೋಟಕ್ಕೆ ಹೋದವಳು ನೋಡಿದೆ, ಮೇಲೆ ನೀಲಿ ಇಂಕಿನಲ್ಲಿ ಆಸ್ಪತ್ರೆಯ ಹುಡುಗಿಯೊಬ್ಬಳು ನನ್ನ ಕಣ್ಣೆದುರೇ ಬರೆದ ಅಕ್ಷರ. ಇಂಗ್ಲಿಷು ನನಗೆ ಬಾರದು, ಆದರೆ ಅದು ಯಾರ ಹೆಸರು ಎಂದು ಗೊತ್ತಿತ್ತು. ನಮ್ಮ ಯಜಮಾನರು ಗಿಳಿ ಓಡಿಸುತ್ತಾ ನೇತಾಡುತ್ತಿದ್ದರು! ಹಲ್ಲಿನಿಂದ ದಾರ ಕಡಿದು ಮಡಿಲಿಗೆ ಹಾಕಿಕೊಂಡೆ. ಹಾಲಮ್ಮ ಸೀಡಿ ಕದ್ದವರಿಗೆ ಮೂರು ದಿನ ಶಾಪ ಹಾಕಿದಳು. ನಾನೂ ಜೊತೆಗೆ ನಿಂತು ಎರಡು ಶಾಪ ಹಾಕಿದೆ.

ಇನ್ನು ಈ ಊರಿನ ವಿಷಯ. ನಮ್ಮಲ್ಲಿ ಮಳೆ ಬಂದರೆ ಮಾತಾಡುತ್ತೇವೆ, ಇಲ್ಲಿ ಮಳೆ ನಿಂತರೆ ಮಾತಾಡುತ್ತಾರೆ. ವಾಣಿವಿಲಾಸ ಸಾಗರ ತುಂಬಿದಾಗ ನೋಡಿ ಬಂದು ಒಂದು ವರ್ಷ ಹೇಳಿಕೊಂಡವಳು ನಾನು, ಇಲ್ಲಿಯ ಬ್ರಹ್ಮಪುತ್ರ ನೋಡಿ ಮಾತು ನಿಂತಿತು. ಆಚೆ ದಡವೇ ಸರಿಯಾಗಿ ಕಾಣುವುದಿಲ್ಲ. ನಮ್ಮ ಬಾಡಿಗೆ ಮನೆ ಗುಡ್ಡದ ಮೇಲಿದೆ, ತಗಡಿನ ಮಾಡು, ಎಪ್ಪತ್ತು ಮೆಟ್ಟಿಲು. ದುರ್ಗದ ಕೋಟೆ ಹತ್ತಿದಷ್ಟಾಗುತ್ತದೆ ತರಕಾರಿ ತರುವುದು. ಬೇಸಿಗೆಯಲ್ಲಿ ನಾಲ್ಕೂವರೆಗೇ ಸೂರ್ಯ ಬಂದು ಕೂರುತ್ತಾನೆ. ಸಂಜೆ ನಮ್ಮಲ್ಲಿ ದನ ಮನೆಗೆ ಬರುವ ಮೊದಲೇ ಇಲ್ಲಿ ದೀಪ ಹಚ್ಚಬೇಕು. ಮೊದಲ ತಿಂಗಳು ಹಸಿವೂ ನಿದ್ದೆಯೂ ಊರಿನ ಗಡಿಯಾರದಲ್ಲೇ ಇದ್ದವು.

ಮೂರು ಹೊತ್ತೂ ಅನ್ನ, ಸಾಸಿವೆ ಎಣ್ಣೆ, ಮೀನು. ‘ಟೆಂಗಾ’ ಎಂದು ಒಂದು ಹುಳಿಸಾರು ಮಾಡುತ್ತಾರೆ, ಮೀನು ತೆಗೆದುಕೊಟ್ಟರೆ ನಾನೂ ಉಣ್ಣುತ್ತೇನೆ. ಮನೆಗೆ ಬಂದವರಿಗೆ ‘ತಾಮೂಲ್’ ಕೊಡುವುದು ಮರ್ಯಾದೆ. ನಮ್ಮ ಅಡಿಕೆಯೇ, ಆದರೆ ಹಸಿಯದು, ತಲೆ ಗಿರ್ರೆನ್ನುತ್ತದೆ. ‘ಭಾಲ್ ನೇ?’ ಎಂದರೆ ಚೆನ್ನಾಗಿದ್ದೀರಾ. ನಾನು ‘ಭಾಲ್, ಭಾಲ್’ ಎನ್ನುತ್ತೇನೆ. ಚೆನ್ನಾಗಿಲ್ಲ ಎನ್ನಲು ಮಾತು ಬರುವುದಿಲ್ಲವಲ್ಲ! ಚೈತ್ರ ಕೆಲಸಕ್ಕೆ ಹೋದ ಮೇಲೆ ಬಾಗಿಲಲ್ಲಿ ಕೂತು ಗೋಡೆಯ ಹಲ್ಲಿಯ ಜೊತೆ ಕನ್ನಡ ಮಾತಾಡಿದ ದಿನಗಳೂ ಇವೆ.

ಚೈತ್ರಳ ಕೆಲಸವನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಅನ್ನನಾಳದ ಗೋಡೆ, ಅದರಲ್ಲಿ ಬೆಳೆದ ಗಡ್ಡೆ, ಪಕ್ಕದ ರಕ್ತನಾಳ, ಹಿಂದಿನ ಮಾಂಸ, ಸ್ಕ್ಯಾನಿನಲ್ಲಿ ಎಲ್ಲ ಹೆಚ್ಚುಕಡಿಮೆ ಒಂದೇ ಬೂದಿ. ಪರವೂರಿನವನಿಗೆ ಹಟ್ಟಿಯ ಕುರಿಗಳೆಲ್ಲ ಒಂದೇ ಕಂಡ ಹಾಗೆ. ಮೇಯಿಸುವವನು ಮಾತ್ರ ಕಣ್ಣು ಹಾಯಿಸಿ ‘ಇದು ನಮ್ಮದಲ್ಲ’ ಎನ್ನುತ್ತಾನೆ. ಡಾಕ್ಟರುಗಳು ಒಂದೊಂದು ಬಿಲ್ಲೆಯ ಮೇಲೂ ಗಡ್ಡೆಯ ಸುತ್ತ ಗೆರೆ ಎಳೆಯುತ್ತಾರೆ. ಅಂಥ ಸಾವಿರಾರು ಗೆರೆಗಳನ್ನು ತೋರಿಸಿ ತೋರಿಸಿ ಚೈತ್ರ ಕಂಪ್ಯೂಟರಿಗೆ ಕಲಿಸುತ್ತಾಳೆ. ಅದು ಬೂದಿಯೊಳಗಿನ ಬೂದಿ ನೋಡುತ್ತದೆ, ಕಾಳು ನಯವೋ ತರಿಯೋ ಎಂದು ಕೈಯಾಡಿಸಿದ ಹಾಗೆ ನೋಡುತ್ತದೆ. ಆಮೇಲೆ ತಾನೇ ಕೆಂಪು ಗೆರೆ ಹಾಕುತ್ತದೆ. ಸರಿಯೋ ತಪ್ಪೋ ಡಾಕ್ಟರು ನೋಡಬೇಕು. ಗೆರೆಯೊಳಗಿನದನ್ನು ಕಿರಣ ಬಿಟ್ಟು ಸುಡುತ್ತಾರಂತೆ. ಗೆರೆ ಒಂದು ಕೂದಲು ಆಚೆ ಹೋದರೆ ಒಳ್ಳೆಯ ಮಾಂಸ ಸುಡುತ್ತದೆ, ಈಚೆ ಬಂದರೆ ಕಳ್ಳ ಒಳಗೇ ಉಳಿಯುತ್ತಾನೆ.

ಇದನ್ನು ಕೇಳಿದ ದಿನವೇ ರಾಗಿಹಿಟ್ಟಿನೊಳಗೆ ಕೈ ಹಾಕಿ ಸೀಡಿ ತೆಗೆದೆ.

“ಅಯ್ಯೋ ಅಜ್ಜಿ! ಇದು ಅಜ್ಜಂದಾ? ಗೀರೆಲ್ಲ ಬಿದ್ದೈತಲ್ಲ!”

“ಬಿಸ್ಲು ಮಳೆ ಎಲ್ಲ ಕಂಡೈತೆ. ತೆಗಿ ನೋಡಾಣ.”

“ಮುದ್ದೆ ಗಡ್ಡೆ ಆಗಲ್ಲ ಅಜ್ಜಿ. ಅದಕ್ಕೆ ಇದೆಲ್ಲ ಬೇಕಾಗಿಲ್ಲ. ಬೇಕಾದ್ರೆ ನಾನೇ ಆ ಹಾಲಜ್ಜಿಗೆ ಹೇಳ್ತೀನಿ.”

“ನೀ ಹೇಳಿದ್ರೆ ಅದು ಮಾತು. ಅವ್ಳ ಹತ್ರ ನನಗಿಂತ ನೂರು ಮಾತು ಅವೆ. ನನಗೆ ಕಣ್ಣಿಗೆ ಕಾಣೋದು ಬೇಕು.”

ಚೈತ್ರಳ ಮೇಲಿನ ಡಾಕ್ಟರಮ್ಮನನ್ನು ಎಲ್ಲರೂ ‘ಬೈದೇಉ’ ಎನ್ನುತ್ತಾರೆ. ಅಕ್ಕ ಎಂದು ಅರ್ಥ, ದೊಡ್ಡವರಿಗೆಲ್ಲ ಹಾಗೇ ಅನ್ನುವುದು. ಅವರ ಒಪ್ಪಿಗೆ ಕೇಳಬೇಕಿತ್ತು. ಭಾನುವಾರ ಊಟಕ್ಕೆ ಕರೆದು ಮುದ್ದೆ ಬಡಿಸಿದೆ. ಬೈದೇಉ ಮುದ್ದೆಯನ್ನು ಬಾಯಿಗಿಟ್ಟು ಅಗಿದರು, ಅಗಿದರು, ಹಲ್ಲಿಗೆ ಮೆತ್ತಿಕೊಂಡು ಕಣ್ಣಲ್ಲಿ ನೀರು ಬಂತು. ದಿನವಿಡೀ ನುಂಗುವ ಕೊಳವೆ ನೋಡುವಾಕೆಗೆ ನುಂಗಲು ನಾನು ಹೇಳಿಕೊಟ್ಟೆ! ಸಾರಲ್ಲಿ ಹೊರಳಿಸಿ, ನಾಲಗೆಯ ಹಿಂದಕ್ಕೆ ಬಿಟ್ಟು, ಹಲ್ಲಿಗೆ ತಾಗಿಸದೆ ಇಳಿಸುವುದು. ಮೂರನೇ ತುತ್ತು ಇಳಿಯಿತು. ಬೈದೇಉ ಗಂಟಲು ಮುಟ್ಟಿಕೊಂಡು ನಕ್ಕರು. ಸೀಡಿ ನೋಡಲು ಒಪ್ಪಿದರು.

ರಜೆಯ ದಿನ ನನ್ನನ್ನೂ ಕರೆದುಕೊಂಡು ಹೋದರು. ಸೀಡಿಗೆ ಗೀರು ಬಿದ್ದು ಬಹಳ ಬಿಲ್ಲೆಗಳು ತೆರೆಯಲೇ ಇಲ್ಲ. ಪರದೆ ಕಪ್ಪಾಗಿ ನಿಂತಾಗಲೆಲ್ಲ ಹಾಲಮ್ಮನ ದಾರ, ಹಾಲಮ್ಮನ ಗಿಳಿ, ಎಲ್ಲವನ್ನೂ ಬೈದೆ. ಕೊನೆಗೆ ನಡು ಎದೆಯ ಕೆಲವು ಬಿಲ್ಲೆಗಳು ತೆರೆದುಕೊಂಡವು. ಅಲ್ಲಿದ್ದರು ನಮ್ಮ ಯಜಮಾನರು. ಮುಖವಿಲ್ಲ, ಮೀಸೆಯಿಲ್ಲ. ಆದರೂ ನಾನು ಸೆರಗು ಹೊದ್ದುಕೊಂಡೆ.

ಚೈತ್ರ ಕಂಪ್ಯೂಟರಿಗೆ ಕೊಟ್ಟಳು. ಕೆಂಪು ಗೆರೆ ಬಂತು. ದೊಡ್ಡ ಗೆರೆ. ಬೈದೇಉ ಹುಬ್ಬು ಗಂಟಿಕ್ಕಿ ಏನೋ ಅಂದರು. ಚೈತ್ರಳ ಮುಖ ಸಣ್ಣಗಾಯಿತು.

“ಏನಂತೆ?”

“ಗಡ್ಡೆ ಮೇಲ್ಗಡೆ ಅಜ್ಜ ತಿಂದಿದ್ದು ನಿಂತೈತೆ ಅಜ್ಜಿ, ಕೆಳಗಿಳೀದೆ. ಕಂಪ್ಯೂಟರು ಅದನ್ನೂ ಗಡ್ಡೆ ಅಂತ ಸೇರಿಸ್ಕೊಂಡ್ಬಿಟ್ಟೈತೆ.”

ಮೂರು ದಿನ ರೈಲಿನಲ್ಲಿ ಬಂದು ಕೇಳಿದರೆ ಈ ಮೆಷಿನ್ನೂ ಹಾಲಮ್ಮನ ಮಾತನ್ನೇ ಆಡಬೇಕೆ? ಉಂಡದ್ದೂ ಗಡ್ಡೆಯೂ ಒಂದೇ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಡಬೇಕೆ? “ಇದ್ಯಾವ್ಳು ಕಲಿಸಿದ್ದು ಇದಕ್ಕೆ!” ಎಂದು ಕೂಗಿದೆ. ಕಲಿಸಿದವಳು ಪಕ್ಕದಲ್ಲೇ ಇದ್ದಳು.

ಬೈದೇಉ ನನ್ನ ಹೆಗಲ ಮೇಲೆ ಕೈಯಿಟ್ಟು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು, ಚೈತ್ರ ಕನ್ನಡ ಮಾಡಿದಳು. ಸ್ಕ್ಯಾನ್ ಎರಡು ಸಲ ಆಗಿರುತ್ತದೆ. ಒಮ್ಮೆ ಹಾಗೆಯೇ, ಇನ್ನೊಮ್ಮೆ ನರಕ್ಕೆ ಔಷಧಿ ಚುಚ್ಚಿ. ಔಷಧಿ ರಕ್ತದಲ್ಲಿ ಓಡುತ್ತದೆ. ಗಡ್ಡೆ ಬದುಕಿರುವ ಮಾಂಸ, ರಕ್ತ ಕುಡಿಯುತ್ತದೆ, ಆದ್ದರಿಂದ ಎರಡನೇ ಚಿತ್ರದಲ್ಲಿ ಬೆಳ್ಳಗಾಗುತ್ತದೆ. ಉಂಡ ಅನ್ನಕ್ಕೆ ರಕ್ತವೆಲ್ಲಿಂದ ಬರಬೇಕು? ಅದು ಎರಡರಲ್ಲೂ ಇದ್ದ ಹಾಗೇ ಇರುತ್ತದೆ. ಕಂಪ್ಯೂಟರಿಗೆ ಇವರು ಎರಡನೆಯದನ್ನು ಮಾತ್ರ ಕೊಟ್ಟಿದ್ದರು.

ಈಗ ಎರಡನ್ನೂ ಜೊತೆಗಿಟ್ಟು ಕೊಟ್ಟರು. ಕೆಂಪು ಗೆರೆ ಅಲ್ಲಾಡಿ, ಒಳಕ್ಕೆ ಸರಿದು, ಗೋಡೆಯಲ್ಲಿ ಕೂತಿದ್ದ ಗಡ್ಡೆಯನ್ನು ಮಾತ್ರ ಸುತ್ತಿಕೊಂಡಿತು. ಉಂಡದ್ದು ಗೆರೆಯ ಹೊರಗೆ ಉಳಿಯಿತು. ಗುಳ್ಳೆ ಗುಳ್ಳೆಯಾಗಿ, ಮೆತ್ತಗೆ, ಯಾರಿಗೂ ಏನೂ ಮಾಡದೆ. ಅದು ನನ್ನ ಗಂಜಿ! ಸ್ಕ್ಯಾನಿನ ಹಿಂದಿನ ಸಂಜೆ ನಾನೇ ಆರಿಸಿ ಕುಡಿಸಿದ್ದ ಗಂಜಿ, ಹನ್ನೊಂದು ವರ್ಷದ ಮೇಲೆ ಕಣ್ಣೆದುರು.

ನಾನು ಎದ್ದು ನಿಂತು ಆ ಕೆಂಪು ಗೆರೆಯೊಳಗಿನವನ ಕಡೆಗೆ ನೆಟಿಗೆ ಮುರಿದೆ. ಸಿಕ್ಕಿಬಿದ್ದೆಯಲ್ಲೋ ಕಳ್ಳ, ನನ್ನ ಗಂಜಿಯ ಮರೆಯಲ್ಲಿ ಕೂತಿದ್ದೆಯಲ್ಲೋ. ನನ್ನ ಮೊಮ್ಮಗಳು ನಿನ್ನ ಕುಲವನ್ನೇ ಹುಡುಕಿ ಹುಡುಕಿ ಗೆರೆ ಎಳೆಯುತ್ತಾಳೆ ನೋಡುತ್ತಿರು. ಚೈತ್ರಳನ್ನು ತಬ್ಬಿಕೊಂಡು ಅತ್ತೆ, ನಕ್ಕೆ, ಬೈದೇಉಗೆ ದೃಷ್ಟಿ ತೆಗೆದೆ. ಆ ಖುಷಿಯಲ್ಲಿ ಎಪ್ಪತ್ತು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದೆ.

ಹಿರಿಯರ ಹಬ್ಬಕ್ಕೆ ಊರಿಗೆ ಹೋದೆವು. ಎರಡು ಚಿತ್ರಗಳನ್ನೂ ಕ್ಯಾಲೆಂಡರಿನಷ್ಟು ದೊಡ್ಡದಾಗಿ ಮಾಡಿಸಿ, ಪಡಸಾಲೆಯಲ್ಲಿ ನೆಂಟರೆಲ್ಲ ಕೂತಿದ್ದಾಗ ಕ್ಯಾಲೆಂಡರಿನ ಮೊಳೆಗೇ ನೇತು ಹಾಕಿದೆ.

ಹಾಲಮ್ಮ ಕಣ್ಣು ಕಿರಿದು ಮಾಡಿದಳು. “ಇದೇನೇ ರುದ್ರಿ, ಕುಂಬಳಕಾಯಿ ಕೊಯ್ದಂಗೈತೆ?”

“ನಿಮ್ ತಮ್ಮನ ಎದೆ ಅತ್ತಿಗೆ. ನೀವು ಗಿಳಿಗೆ ಕಟ್ಟಿದ್ರಲ್ಲ, ಅದು.”

ಚೈತ್ರ ಕಡ್ಡಿ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದಳು. ನೆಂಟರು ಹತ್ತಿರ ಬಂದು ನೋಡಿ ತಲೆಯಾಡಿಸಿದರು. ಹಾಲಮ್ಮ ಮಾತ್ರ ಸೋಲಲಿಲ್ಲ.

“ಮೆಷಿನ್ ನಿನ್ ಮೊಮ್ಮಗಳದು. ನಿನ್ ಕಡೆ ಹೇಳದೆ ನನ್ ಕಡೆ ಹೇಳ್ತೈತಾ?”

“ಮೊದ್ಲು ನಿಮ್ ಕಡೆನೇ ಹೇಳಿತ್ತು ಅತ್ತಿಗೆ. ಆಮೇಲೆ ಸರಿಯಾಗಿ ನೋಡ್ತು. ನೀವು ಹನ್ನೊಂದ್ ವರ್ಷದಾಗೆ ಒಂದ್ಸಲನಾದ್ರೂ ನೋಡಿದ್ರಾ?”

ನೆಂಟರಲ್ಲಿ ಯಾರೋ ಕಿಸಕ್ಕೆಂದರು. ನಾನು ಸೀದಾ ಅಡಿಗೆಮನೆಗೆ ಹೋಗಿ, ಮಣೆ ಹಾಕಿ ಹತ್ತಿ, ಗಳುವಿನಿಂದ ಮುದ್ದೆಕೋಲು ಇಳಿಸಿದೆ. ಯಾರೂ ತಡೆಯಲಿಲ್ಲ. ಎಸರಿಗೆ ಹಿಟ್ಟು ಬಿಟ್ಟು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ತಿರುವತೊಡಗಿದೆ. ಹನ್ನೊಂದು ವರ್ಷದ ಸಿಟ್ಟೆಲ್ಲ ರಟ್ಟೆಗೆ ಬಂದಿತ್ತು. ಆಗ ಹಾಲಮ್ಮ ಒಳಗೆ ಬಂದಳು. ಬಾಗಿಲು ಮುಂದೆ ಮಾಡಿ ಒಲೆಯ ಪಕ್ಕ ಕೂತಳು.

“ರುದ್ರಿ. ಆ ಚಿತ್ರದಾಗೆ ಮೇಲ್ಗಡೆ ನಿಂತೈತಲ್ಲ. ಅದು ನಿನ್ ಗಂಜಿ ಅಲ್ಲ.”

ನಾನು ತಿರುವುತ್ತಲೇ ಇದ್ದೆ.

“ಅವತ್ತು ಬೆಳಿಗ್ಗೆ ಆಸ್ಪತ್ರೆಯಾಗೆ ನರ್ಸಮ್ಮ ಏನೂ ಕೊಡ್ಬ್ಯಾಡ್ರಿ ಅಂದಿದ್ಲು. ನೀನು ಚೀಟಿ ಮಾಡ್ಸಾಕೆ ಹೋಗಿದ್ದೆ. ಅಕ್ಕ, ಹಸಿವು ಅಂದ. ನಾನು ಮಾಡಿ ತಂದಿದ್ದ ಗಂಜಿನ ಫ್ಲಾಸ್ಕಿನಾಗಿಂದ ಕುಡ್ಸಿದೆ. ಅರ್ಧ ಲೋಟ.” ಅವಳ ದನಿ ಇಳಿಯಿತು. “ಹಂಗಾದ್ರೆ ನಾನು ಕುಡ್ಸಿದ್ದೇ ಅವ್ನಿಗೆ ಅಡ್ಡ ಆತಾ?”

ಹನ್ನೊಂದು ವರ್ಷ ಕಾದಿದ್ದಕ್ಕೆ ದೇವರು ಇಷ್ಟು ದೊಡ್ಡದನ್ನು ಕೈಗೆ ಕೊಡುತ್ತಾನೆ ಎಂದು ನಾನು ಎಣಿಸಿರಲಿಲ್ಲ. ಹೌದು ಎಂದರೆ ಸಾಕು, ಅವಳು ನನಗೆ ಹಾಕಿದ ಮಾತು ಅವಳ ಕೊರಳಿಗೇ. ಇಲ್ಲ ಎನ್ನುವುದು ನಿಜ. ನನ್ನನ್ನು ಬಿಡಿಸಿದ ಗೆರೆಯೇ ಅವಳನ್ನೂ ಬಿಡಿಸುತ್ತಿತ್ತು. ಗೆರೆಯ ಹೊರಗಿದ್ದ ಗಂಜಿ ಯಾರದಾದರೇನು. ನನಗೆ ಅದು ಗೊತ್ತಿತ್ತು. ನಾನು ಹೌದೂ ಎನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ. ಕೋಲು ತಿರುವಿದೆ.

ಎಲೆಯ ಮೇಲೆ ನಮ್ಮ ಯಜಮಾನರಿಗೆ ನನ್ನ ಮುದ್ದೆ ಇಟ್ಟೆ. ಆವಿ ಏಳುತ್ತಿತ್ತು. ಎಡೆ ಎತ್ತಿದ ಮೇಲೆ ಹಾಲಮ್ಮನ ಗಂಗಾಳಕ್ಕೂ ನಾನೇ ಹಾಕಿ, ಎದುರಿಗೆ ಕೂತು ನೋಡಿದೆ. ಮುರಿದಳು, ಬೆರಳಲ್ಲಿ ಒತ್ತಿ ನೋಡಿದಳು, ಅದ್ದಿದಳು, ನುಂಗಿದಳು. “ಗಂಟಿಲ್ಲ” ಎಂದಳು. ನನ್ನ ಮುಖ ನೋಡಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಚೈತ್ರಳಿಗೆ ಹೇಳಿದೆ. ಅವಳು ಎದ್ದು ಕೂತಳು.

“ಅಜ್ಜಿ! ಅರ್ಧ ಲೋಟ ಗಂಜಿ ಏನೂ ಮಾಡಿಲ್ಲ. ದಾರಿ ಕಟ್ಟಿದ್ದು ಗಡ್ಡೆ. ಹೇಳ್ಲಿಲ್ವಾ ನೀನು?”

“ಇಲ್ಲ.”

“ನಾನ್ ಫೋನ್ ಮಾಡ್ತೀನಿ.”

“ಮುಟ್ಟಿದ್ರೆ ನೋಡು ಫೋನು! ಹನ್ನೊಂದ್ ವರ್ಷಕ್ಕೆ ಹನ್ನೊಂದ್ ದಿನ. ವರ್ಷಕ್ಕೊಂದೇ ದಿನ ಕಣೇ ಕೇಳ್ತಿರೋದು. ಕಡಿಮೆನೇ ಆತು.”

ಚೈತ್ರ ಫೋನು ಚೀಲಕ್ಕೆ ಹಾಕಿ ಮುಸುಕೆಳೆದು ಮಲಗಿದಳು. ನಾನು ಮಾತ್ರ ಗುವಾಹಟಿಗೆ ಬಂದು ದಿನ ಎಣಿಸಿದೆ. ಮೊದಲ ದಿನಗಳು ಹಬ್ಬದ ಹಾಗಿದ್ದವು. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ನಾನೇ ‘ಭಾಲ್ ನೇ?’ ಎಂದೆ. ಎಂಟನೇ ದಿನದ ಮೇಲೆ ಮುದ್ದೆ ಮಾಡುವಾಗ ಪಕ್ಕದಲ್ಲಿ ಯಾರೋ ಕೂತಿದ್ದಾರೆ ಅನ್ನಿಸತೊಡಗಿತು. ಮುದ್ದೆಕೋಲನ್ನು ಊರಲ್ಲೇ ಬಿಟ್ಟು ಬಂದಿದ್ದೇನೆ, ಗಳುವಿನಲ್ಲಲ್ಲ, ಒಲೆಯ ಪಕ್ಕದ ಮೂಲೆಯಲ್ಲಿ. ಇಲ್ಲಿ ತಿರುವುವುದು ಬಿದಿರಿನ ಕೋಲು. ಅದಕ್ಕೆ ನನ್ನ ಕೈ ಇನ್ನೂ ಹೊಂದಿಲ್ಲ. ಅಲ್ಲಿಯ ಕೋಲು ನನ್ನದಾಯಿತು, ಆದರೆ ಅದನ್ನು ಹಿಡಿಯಲು ನಾನು ಅಲ್ಲಿಲ್ಲ.

ಇವತ್ತು ಹನ್ನೊಂದನೇ ದಿನ. ಹಾಲಮ್ಮನ ಮೇಲಿನ ನನ್ನ ಸಿಟ್ಟು ಇಳಿದಿದೆ ಎಂದು ಯಾರೂ ತಿಳಿಯಬೇಡಿ. ಕಿತ್ತುಕೊಂಡ ಕೋಲಿಗೆ, ಹೊಸ್ತಿಲಾಚೆ ನಿಲ್ಲಿಸಿದ್ದಕ್ಕೆ ಕ್ಷಮೆ ಇಲ್ಲ. ಅವಳು ಮಾಡದ ತಪ್ಪಿಗೆ ಮಾತ್ರ ಶಿಕ್ಷೆ ಇಲ್ಲ. ಅಷ್ಟು ಗೆರೆ ಎಳೆಯಲು ಈ ಊರು ನನಗೂ ಕಲಿಸಿದೆ.

ಇಲ್ಲಿ ಐದು ಗಂಟೆಗೇ ಕತ್ತಲಾಯಿತು, ದೀಪ ಹಚ್ಚಿದ್ದೇನೆ. ಅಲ್ಲಿ ಇನ್ನೂ ಒಂದು ತಾಸು ಬೆಳಕಿರುತ್ತದೆ. ಹಾಲಮ್ಮ ಜಗುಲಿಯ ಮೇಲೆ ಕೂತಿರುತ್ತಾಳೆ. ಚೈತ್ರಳಿಂದ ಫೋನು ಇಸಿದುಕೊಂಡೆ. ಆ ಕಡೆಯಿಂದ ತಕ್ಷಣ ಎತ್ತಿದಳು, ಹನ್ನೊಂದು ದಿನದಿಂದ ಕೈಯಲ್ಲೇ ಹಿಡಿದುಕೊಂಡಿದ್ದವಳ ಹಾಗೆ.

“ಅತ್ತಿಗೆ” ಎಂದೆ, “ನಿಮ್ ಗಂಜಿನೂ ಅಲ್ಲ.”